ಗೃಹಕೃತ್ಯ: ಗ್ಯಾಸ್ ಗೀಸರು ಹೊತ್ತದಿದ್ದರೆ
ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಎಷ್ಟೋ ಮನೆಗಳಲ್ಲಿ ಹಂಡೆಯೊಲೆಯ ಸ್ಥಾನವನ್ನು ಈಗ ಗ್ಯಾಸ್ ಗೀಸರು ಪಡೆದಿರುವುದು. ಚಳಿಗಾಲದ ಮುಂಜಾವಿನಲ್ಲಿ ಅದು ಹೊತ್ತದಿದ್ದರೆ ವಾಚಕರು ಗಾಬರಿಗೊಳ್ಳಬೇಕಾದುದಿಲ್ಲ. ಮೊದಲು ಸಿಲಿಂಡರನ್ನೂ ನೀರಿನ ರಭಸವನ್ನೂ ನೋಡತಕ್ಕದ್ದು. ನೀರಿನ ಒತ್ತಡವೇ ಒಳಗಿನ ಗುಂಡಿಯನ್ನೊತ್ತಿ ಕಿಡಿಯನ್ನೆಬ್ಬಿಸುವುದು. ನೀರು ಮಂದವಾಗಿದ್ದರೆ ಗ್ಯಾಸನ್ನು ಮುಚ್ಚಿ, ನೀರು ಒಳಬರುವೆಡೆಯ ಜಾಲರಿಯನ್ನು ತೊಳೆಯಬೇಕು. ಕಿಡಿಯ ಟಿಕ್‌ಟಿಕ್ ಸದ್ದು ಕ್ಷೀಣವಾಗಿದ್ದರೆ 1.5 ವೋಲ್ಟಿನ ಬ್ಯಾಟರಿಗಳೆರಡನ್ನೂ ಒಮ್ಮೆಲೇ ಬದಲಿಸಬೇಕು. ಸದ್ದಿದ್ದೂ ಉರಿ ಹುಟ್ಟದಿದ್ದರೆ ಮೇಲಿಂದ ಮೇಲೆ ಯತ್ನಿಸದೆ ಬಲ್ಲವರನ್ನು ಕರೆಯುವುದೇ ಲೇಸು.

ಗ್ಯಾಸಿನ ವಾಸನೆ ಬಂದರೆ ರೆಗ್ಯುಲೇಟರನ್ನು ಮುಚ್ಚಿ, ಕಿಟಕಿ ಬಾಗಿಲುಗಳನ್ನು ತೆರೆದು, ವಿದ್ಯುತ್ತಿನ ಗುಂಡಿಯನ್ನು ಮುಟ್ಟದೆ ಹೊರನಡೆದು 1906ಕ್ಕೆ ದೂರವಾಣಿ ಮಾಡತಕ್ಕದ್ದು. ಈ ಅನಿಲವು ಗಾಳಿಗಿಂತ ಭಾರವಾದುದರಿಂದ ನೆಲದ ಮಟ್ಟದಲ್ಲಿಯೇ ನಿಲ್ಲುವುದು.

ಹೊತ್ತದ ಗೀಸರಿಗಿಂತ ಹೊತ್ತಿದ ಗೀಸರೇ ಹೆಚ್ಚು ಅಪಾಯಕರ. ಗಾಳಿಯಾಡದ ಬಚ್ಚಲಿನಲ್ಲಿ ಹುಟ್ಟುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮೈಮರೆಸಿ ಪ್ರಾಣವನ್ನೇ ಒಯ್ಯಬಲ್ಲುದು. ಹಳದಿ ಉರಿಯು ಅದರ ಸೂಚನೆ. ಉರಿ ನೀಲಿಯಾಗಿದ್ದರೂ ಕಿಟಕಿಯನ್ನು ಮುಚ್ಚಕೂಡದು. ಆದಕಾರಣ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವೆಡೆಯಲ್ಲಿಯೇ ಕೂಡಿಸಬೇಕೆಂದು ನಾವು ವಾಚಕರನ್ನು ಪ್ರಾರ್ಥಿಸುತ್ತೇವೆ. ಬಿಸಿನೀರು ಒಂದು ದಿನ ತಪ್ಪಿದರೆ ತಪ್ಪಲಿ, ಮನೆಮಂದಿ ಕ್ಷೇಮವಾಗಿರಲಿ.