ಆರೈಕೆ ಮಾಡುವವರಿಗೂ ಆರೈಕೆ ಬೇಕು

ಮಕ್ಕಳೇ,

2020ನೆಯ ಇಸವಿಯ ಮಾರ್ಚ್ 22ರಂದು ಸಂಜೆ ಐದು ಗಂಟೆಗೆ ದೇಶದ ಜನರೆಲ್ಲ ಮನೆಯ ಬಾಗಿಲಲ್ಲಿ ನಿಂತು ಚಪ್ಪಾಳೆ ತಟ್ಟಿದರು. ಕೆಲವರು ತಾಟು ಬಾರಿಸಿದರು. ಏಕೆ ಗೊತ್ತೇ? ಆಗ ಕೊರೋನಾ ಎಂಬ ಸಾಂಕ್ರಾಮಿಕ ರೋಗ ಹರಡುತ್ತಿತ್ತು. ರೋಗಿಗಳ ಸೇವೆ ಮಾಡುವ ವೈದ್ಯರಿಗೂ ದಾದಿಯರಿಗೂ ಜನರು ಹೀಗೆ ಕೃತಜ್ಞತೆ ಹೇಳಿದರು. ನೀವು ಆಗ ಬಹಳ ಚಿಕ್ಕವರು. ಗಡಹಿಂಗ್ಲಜದ ನಮ್ಮ ಓಣಿಯಲ್ಲಿ ನಾನೂ ಚಪ್ಪಾಳೆ ತಟ್ಟಿದ್ದೆ. ಆದರೆ ಚಪ್ಪಾಳೆಯಷ್ಟೇ ಸಾಲದು ಎಂಬುದು ನನಗೆ ಆಮೇಲೆ ತಿಳಿಯಿತು.

ಕೆಲವೇ ದಿನಗಳಲ್ಲಿ ಎಲ್ಲವೂ ಸ್ತಬ್ಧವಾಯಿತು. ಇಚಲಕರಂಜಿಯ ಮಗ್ಗಗಳ ಸದ್ದು ನಿಂತಿತು. ಶಾಲೆಗಳು ಮುಚ್ಚಿದವು. ಆಸ್ಪತ್ರೆಗಳು ಮಾತ್ರ ಹಗಲಿರುಳು ತೆರೆದಿದ್ದವು. ಕೊಲ್ಲಾಪುರದಲ್ಲಿ ಸಿ.ಪಿ.ಆರ್. ಆಸ್ಪತ್ರೆಯಿದೆ. ಅದಕ್ಕೆ ಹೊಂದಿಕೊಂಡು ರಾಜರ್ಷಿ ಛತ್ರಪತಿ ಶಾಹು ಮಹಾರಾಜರ ಹೆಸರಿನ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯವಿದೆ. ಇಂಥ ಮಹಾವಿದ್ಯಾಲಯಗಳಲ್ಲಿ ಕಲಿಯುವವರು ಪಾಠ ಕೇಳುವುದರ ಜೊತೆಗೆ ರೋಗಿಗಳ ಬಳಿಯಲ್ಲಿದ್ದು ಕೆಲಸವನ್ನೂ ಕಲಿಯುತ್ತಾರೆ.

2021ರಲ್ಲಿ ರೋಗಿಗಳ ಸಂಖ್ಯೆ ಬಹಳ ಹೆಚ್ಚಿತು. ಇದ್ದ ವೈದ್ಯರು ಸಾಲಲಿಲ್ಲ. ಆ ವರ್ಷದ ಮೇ ತಿಂಗಳಲ್ಲಿ ಭಾರತ ಸರಕಾರವು ಒಂದು ನಿರ್ಧಾರ ಮಾಡಿತು. ಓದು ಮುಗಿಸಿ ತರಬೇತಿಯಲ್ಲಿದ್ದವರನ್ನು ಹಿರಿಯರ ಮಾರ್ಗದರ್ಶನದಲ್ಲಿ ಕೊರೋನಾ ಕೆಲಸಕ್ಕೆ ತೆಗೆದುಕೊಳ್ಳಬೇಕು. ಕೊನೆಯ ವರ್ಷದ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಸಲಹೆ ಕೊಡಬೇಕು. ಅವರಿಗೆಲ್ಲ ಎಷ್ಟು ವಯಸ್ಸು? ಹೆಚ್ಚಿನವರು ಇಪ್ಪತ್ತೆರಡು, ಇಪ್ಪತ್ಮೂರರವರು. ನಿಮ್ಮ ಅಕ್ಕ, ಅಣ್ಣನಂಥವರು.

ಅವರಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯೂ ಒಬ್ಬಳಿದ್ದಳು. ನಮ್ಮ ಕನ್ನಡ ಶಾಲೆಯಲ್ಲಿ ಕಲಿತವಳು, ನಮ್ಮ ಓಣಿಯವಳೇ. ಒಂದು ವರ್ಷದ ಬಳಿಕ ಅವಳು ನನಗೆ ಹೇಳಿದಳು:

"ಸರ್, ರಾತ್ರಿ ಕಣ್ಣು ಮುಚ್ಚಿದರೆ ತೀರಿಹೋದ ರೋಗಿಗಳ ಮುಖ ಕಾಣುತ್ತಿತ್ತು. ಊಟ ಸೇರುತ್ತಿರಲಿಲ್ಲ. ನನ್ನಿಂದ ಅಪ್ಪ, ಅವ್ವನಿಗೆ ರೋಗ ಬಂದೀತೆಂದು ಹೆದರಿಕೆ. ಮನೆಗೆ ಬಂದ ದಿನ ಓಣಿಯವರು ನನ್ನನ್ನು ಕಂಡು ಬಾಗಿಲು ಹಾಕಿಕೊಂಡರು. ಅದೇ ಎಲ್ಲಕ್ಕಿಂತ ಹೆಚ್ಚು ನೋವು ಕೊಟ್ಟಿತು."

ಬಾಗಿಲು ಹಾಕಿಕೊಂಡವರಲ್ಲಿ ನಾನೂ ಒಬ್ಬ. ರೋಗ ಹರಡದಂತೆ ದೂರ ನಿಲ್ಲುವುದು ಸರಿಯೇ. ಆದರೆ ದೂರದಲ್ಲಿ ನಿಂತೇ, "ಊಟ ಆಯಿತೇನವ್ವಾ?" ಎಂದು ಕೇಳಬಹುದಿತ್ತು. ನಾನು ಕೇಳಲಿಲ್ಲ.

ಕೊರೋನಾದ ಹಾವಳಿ ಕಡಿಮೆಯಾಯಿತು. ಆದರೆ ಮನಸ್ಸಿಗಾದ ನೋವು ರೋಗದ ಜೊತೆಗೇ ಹೋಗುವುದಿಲ್ಲ. ಕೆಲವರಿಗೆ ಅದು ಬಹಳ ದಿನ ಉಳಿಯುತ್ತದೆ. ನಿದ್ದೆ ಬಾರದು, ಓದಿದ್ದು ನೆನಪಿನಲ್ಲಿ ನಿಲ್ಲದು.

"ವೈದ್ಯರಾಗುವವರು ಗಟ್ಟಿ ಮನಸ್ಸಿನವರಾಗಿರಬೇಕು, ಅಳಬಾರದು" ಎಂದು ಕೆಲವರು ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಕೈ ಮುರಿದರೆ ಪಟ್ಟಿ ಕಟ್ಟಿಸಿಕೊಳ್ಳುತ್ತೇವೆ. ಅದಕ್ಕೆ ಯಾರೂ ನಗುವುದಿಲ್ಲ. ಹಾಗಾದರೆ ಮನಸ್ಸು ನೊಂದಾಗ ನೆರವು ಕೇಳಲು ನಾಚಿಕೆ ಏಕೆ? ದುಃಖವಾಗುವುದು ದೌರ್ಬಲ್ಯವಲ್ಲ. ರೋಗಿಯ ನೋವು ಕಂಡು ಮರುಗುವ ಮನಸ್ಸೇ ಒಳ್ಳೆಯ ವೈದ್ಯರ ಮನಸ್ಸು. ಆದ್ದರಿಂದ ವೈದ್ಯಕೀಯ ವಿದ್ಯಾರ್ಥಿಗಳಿಗೆ ಸಾಕಷ್ಟು ವಿಶ್ರಾಂತಿ ಸಿಗಬೇಕು. ಅವರ ಮಾತು ಕೇಳುವ ಹಿರಿಯರು ಮಹಾವಿದ್ಯಾಲಯಗಳಲ್ಲಿ ಇರಬೇಕು.

2022ರ ಅಕ್ಟೋಬರ್ 10ರಂದು ಭಾರತ ಸರಕಾರವು 'ಟೆಲಿ ಮಾನಸ್' ಎಂಬ ದೂರವಾಣಿ ಸೇವೆಯನ್ನು ಆರಂಭಿಸಿತು. 14416 ಸಂಖ್ಯೆಗೆ ಕರೆ ಮಾಡಿ ಮನಸ್ಸಿನ ತೊಂದರೆಯನ್ನು ಯಾರು ಬೇಕಾದರೂ ಹೇಳಿಕೊಳ್ಳಬಹುದು. ಕನ್ನಡದಲ್ಲಿಯೂ ಮಾತನಾಡಬಹುದು, ಮರಾಠಿಯಲ್ಲಿಯೂ ಮಾತನಾಡಬಹುದು.

ಮಕ್ಕಳೇ, ನಿಮಗೂ ಹೆದರಿಕೆ, ದುಃಖ ಆದಾಗ ಮನಸ್ಸಿನಲ್ಲಿ ಬಚ್ಚಿಡಬೇಡಿ. ಮನೆಯ ಹಿರಿಯರಿಗೋ ಶಿಕ್ಷಕರಿಗೋ ಹೇಳಿರಿ. ನಿಮ್ಮ ಓಣಿಯಲ್ಲಿ ದಾದಿಯೋ ವೈದ್ಯರೋ ದಣಿದು ಮನೆಗೆ ಬರುವುದನ್ನು ಕಂಡರೆ ಮಾತನಾಡಿಸಿರಿ. "ಊಟ ಆಯಿತೇ?" ಎಂದು ಕೇಳಿರಿ. ಅಂದು ನಾನು ಕೇಳದೆ ಬಿಟ್ಟ ಮಾತನ್ನು ನೀವು ಕೇಳುವಿರಲ್ಲವೇ?