ಗ್ಯಾರೇಜಿಗೆ ಹೋಗಬೇಕಾದವರು ಯಾರು?

“ಓದದಿದ್ದರೆ ಗ್ಯಾರೇಜಿಗೆ ಹೋಗಿ ಸ್ಪ್ಯಾನರ್ ಹಿಡಿಯಬೇಕಾಗುತ್ತದೆ.” ಈ ಮಾತು ಕೇಳದ ಹುಡುಗ ನಮ್ಮ ಕಾಲೇಜಿನಲ್ಲಿ ಇರಲಿಕ್ಕಿಲ್ಲ. ಮನೆಯಲ್ಲೂ ಹೇಳುತ್ತಾರೆ, ತರಗತಿಯಲ್ಲೂ ಹೇಳುತ್ತಾರೆ. ನಾವು ಪುಸ್ತಕ ತೆರೆಯಲಿ ಎಂಬ ಕಾಳಜಿಯಿಂದಲೇ ಹೇಳುತ್ತಾರೆ, ಅದು ಗೊತ್ತು. ಆದರೂ ಈ ಮಾತು ತಪ್ಪು ಎಂಬುದು ನನ್ನ ಅಭಿಪ್ರಾಯ. ಇದಕ್ಕೆ ಸಾಕ್ಷಿಯಾಗಿ ಒಂದು ಹಳೆಯ ಕಾರನ್ನು ಮುಂದಿಡುತ್ತೇನೆ.

ನನ್ನ ತಾಯಿಯ ತಮ್ಮ ಹಲವು ವರ್ಷ ಸೌದಿಯಲ್ಲಿ ಮೆಕ್ಯಾನಿಕ್ ಆಗಿದ್ದವರು. ಈಗ ಊರಿನಲ್ಲೇ ಸಣ್ಣ ಗ್ಯಾರೇಜು ಇಟ್ಟಿದ್ದಾರೆ. ರಜೆಯಲ್ಲಿ ನಾನೂ ಅಲ್ಲಿರುತ್ತೇನೆ. ಅಲ್ಲಿಗೆ ಒಂದು ಮರ್ಸಿಡಿಸ್ 240ಡಿ ಬರುತ್ತದೆ. 1976ರಲ್ಲಿ ಬಂದ, ಡಬ್ಲ್ಯು123 ಎಂದು ಕರೆಯುವ ಸರಣಿಯ ಕಾರು ಅದು. ಆ ಸರಣಿಯ ಸುಮಾರು 27 ಲಕ್ಷ ಕಾರುಗಳು ತಯಾರಾದವು. ಮೊರಾಕ್ಕೊದಲ್ಲಿ ಊರಿಂದೂರಿಗೆ ಓಡುವ ಬಾಡಿಗೆ ಟ್ಯಾಕ್ಸಿ ಎಂದರೆ ದಶಕಗಳ ಕಾಲ ಇದೇ 240ಡಿ.

ನಮ್ಮಲ್ಲಿಗೆ ಬರುವ ಕಾರಿನ ಮಾಲೀಕರು ವಯಸ್ಸಾದವರು. ಕಾರು ಬೆಳಗ್ಗೆ ಸ್ಟಾರ್ಟ್ ಆಗುವುದಿಲ್ಲ ಎಂದು ಬೇರೊಂದು ಕಡೆ ತೋರಿಸಿದ್ದರು. ಅಲ್ಲಿ ಮೊದಲು ಬ್ಯಾಟರಿ ಬದಲಿಸಿದರು. ಆಗಲಿಲ್ಲ. ನಾಲ್ಕು ಹೀಟರ್ ಪ್ಲಗ್ ಹಾಕಿದರು. ಆಗಲಿಲ್ಲ. ಸೆಲ್ಫ್ ಬಿಚ್ಚಿ ಕಾಯಿಲ್ ಕಟ್ಟಿಸಿದರು. ಮೂರು ಸಲ ಬಿಲ್ ಕೊಟ್ಟ ಮೇಲೆ ಕಾರನ್ನು ಗುಜರಿಗೆ ಹಾಕುವ ಸಲಹೆಯೂ ಬಂತು, ಅದು ಮಾತ್ರ ಉಚಿತ!

ಮಾಮ ಮಾಡಿದ್ದು ಒಂದೇ ಕೆಲಸ. ರಾತ್ರಿಯಿಡೀ ತಣ್ಣಗಾದ ಇಂಜಿನಿನ ಮೇಲಿನ ಕವರ್ ಬಿಚ್ಚಿ, ಫೀಲರ್ ಗೇಜ್ ಹಿಡಿದು ಎಂಟೂ ವಾಲ್ವಿನ ಗ್ಯಾಪ್ ಅಳೆದು ಚೀಟಿಯಲ್ಲಿ ಬರೆದರು. ಈ ಇಂಜಿನಿಗೆ ಒಳಗಾಳಿಯ ವಾಲ್ವಿನಲ್ಲಿ 0.10 ಮಿಲಿಮೀಟರ್, ಹೊಗೆಯ ವಾಲ್ವಿನಲ್ಲಿ 0.30 ಮಿಲಿಮೀಟರ್ ಗ್ಯಾಪ್ ಇರಬೇಕು. ಎರಡು ಕಡೆ ಗೇಜಿನ ಅತಿ ತೆಳು ಎಲೆಯೂ ತೂರಲಿಲ್ಲ. ಗ್ಯಾಪ್ ಹೆಚ್ಚಾದರೆ ಟಿಕ್ ಟಿಕ್ ಸದ್ದು ಬರುತ್ತದೆ, ಯಾರಿಗೂ ಗೊತ್ತಾಗುತ್ತದೆ. ಕಡಿಮೆಯಾದರೆ ಸದ್ದೇ ಇಲ್ಲ. ವಾಲ್ವು ಕೂರುವ ಜಾಗ ಸವೆದಂತೆ ವಾಲ್ವು ಮೇಲಕ್ಕೆ ಬಂದು ಗ್ಯಾಪ್ ನುಂಗುತ್ತದೆ. ಪೂರ್ತಿ ಮುಚ್ಚಿಕೊಳ್ಳದ ವಾಲ್ವಿನಿಂದ ಗಾಳಿ ಸೋರುತ್ತದೆ.

ಗಾಳಿ ಸೋರಿದರೆ ಏನಾಯಿತು ಎನ್ನುವವರು ಮೊದಲ ಪಿಯುಸಿಯ ಥರ್ಮೋಡೈನಾಮಿಕ್ಸ್ ಪಾಠ ತೆಗೆಯಲಿ. ಡೀಸೆಲ್ ಇಂಜಿನಿನಲ್ಲಿ ಕಿಡಿ ಹಾರಿಸುವ ಪ್ಲಗ್ ಇಲ್ಲ. ಗಾಳಿಯನ್ನು ಸುಮಾರು 21ರಲ್ಲಿ ಒಂದು ಪಾಲಿಗೆ ಒತ್ತುತ್ತಾರೆ. ಆ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. ಅಡಿಯಾಬ್ಯಾಟಿಕ್ ಸೂತ್ರಕ್ಕೆ 300 ಕೆಲ್ವಿನ್ ಹಾಕಿ ನೋಡಿ, ಆದರ್ಶ ಲೆಕ್ಕದಲ್ಲಿ 1000 ಕೆಲ್ವಿನ್ ದಾಟುತ್ತದೆ. ಸೋರುವ ಸಿಲಿಂಡರಿನಲ್ಲಿ ಅಷ್ಟು ಬಿಸಿ ಏರುವುದಿಲ್ಲ. ಎರಡು 14ರ ಸ್ಪ್ಯಾನರ್, ಅರ್ಧ ದಿನದ ಟ್ಯಾಪೆಟ್ ಸೆಟ್ಟಿಂಗ್. ಯಾವ ಹೊಸ ಪಾರ್ಟೂ ಬೇಕಾಗಲಿಲ್ಲ.

ಇದೇ ಕಾರಿನ ಇನ್ನೊಂದು ಕಾಯಿಲೆ ನನಗೆ ಇನ್ನೂ ಇಷ್ಟ. ಒಂದು ದಿನ ಕೀ ತೆಗೆದರೂ ಇಂಜಿನ್ ನಿಲ್ಲಲಿಲ್ಲ. ಕೀ ಕೈಯಲ್ಲಿದೆ, ಕಾರು ಓಡುತ್ತಲೇ ಇದೆ! ಬಾನೆಟ್ ಎತ್ತಿ ‘ಸ್ಟಾಪ್’ ಎಂದು ಬರೆದಿರುವ ಲಿವರ್ ಒತ್ತಿ ನಿಲ್ಲಿಸಬೇಕಾಯಿತು. ದೋಷ ಸಿಕ್ಕಿದ್ದು ಬಾಗಿಲಿನಲ್ಲಿ. ಈ ಕಾರಿನಲ್ಲಿ ಇಂಜಿನ್ ನಿಲ್ಲಿಸುವುದು ವಿದ್ಯುತ್ತಲ್ಲ, ವ್ಯಾಕ್ಯೂಮ್. ಕೀ ತಿರುಗಿಸಿದಾಗ ಆ ವ್ಯಾಕ್ಯೂಮ್ ಡೀಸೆಲ್ ಪಂಪಿನ ಹಿಂದಿರುವ ಡಯಾಫ್ರಮ್ಮನ್ನು ಎಳೆದು ಡೀಸೆಲ್ ನಿಲ್ಲಿಸುತ್ತದೆ. ಅದೇ ವ್ಯಾಕ್ಯೂಮ್ ಸೆಂಟ್ರಲ್ ಲಾಕಿಗೂ ಹೋಗುತ್ತದೆ. ಒಂದು ಬಾಗಿಲೊಳಗಿನ ರಬ್ಬರು ವಯಸ್ಸಾಗಿ ಹರಿದರೆ ಇಂಜಿನಿಗೆ ನಿಲ್ಲುವ ಶಕ್ತಿ ಉಳಿಯುವುದಿಲ್ಲ. ಮಾಮ ಕೈಪಂಪು, ಗೇಜ್ ಹಿಡಿದು ಒಂದೊಂದೇ ನಳಿಕೆಗೆ ಬಿರಡೆ ಹಾಕುತ್ತಾ ಬಂದರು. ಲಾಕಿನ ನಳಿಕೆ ಮುಚ್ಚಿದ ಕೂಡಲೇ ಕೀಗೆ ಇಂಜಿನ್ ನಿಂತಿತು. ಬ್ರೇಕಿಗೆ ಬಲ ಕೊಡುವುದೂ ಇದೇ ವ್ಯಾಕ್ಯೂಮ್ ಎಂಬುದನ್ನು ನೆನೆದರೆ, ‘ಲಿವರ್ ಒತ್ತಿ ನಿಲ್ಲಿಸಿದರಾಯ್ತು, ಓಡಿಸಿ’ ಎನ್ನುವ ಮೆಕ್ಯಾನಿಕ್ ಎಷ್ಟು ಅಪಾಯಕಾರಿ ಎಂದು ತಿಳಿಯುತ್ತದೆ.

ಹಳೆಯ ಡೀಸೆಲ್ ಕಾರು ಹೊಗೆ ಉಗುಳುತ್ತದೆ, ಅದು ಹೋಗಬೇಕಾದದ್ದೇ ಎನ್ನುವವರಿದ್ದಾರೆ. ದಿನವೂ ಪೇಟೆಯಲ್ಲಿ ಓಡುವುದಾದರೆ ನಾನೂ ಹೌದು ಎನ್ನುತ್ತೇನೆ. 15 ವರ್ಷ ದಾಟಿದ ಕಾರಿಗೆ ಆರ್‌ಟಿಒ ಫಿಟ್‌ನೆಸ್ ಪರೀಕ್ಷೆ ಇರುವುದೂ ಸರಿಯೇ. ಆದರೆ ಅಳೆಯದೆ ಪಾರ್ಟ್ ಬದಲಿಸುವವನಿಗೆ ಹೊಸ ಕಾರು ಸಿಕ್ಕರೂ ಅಷ್ಟೇ. ಸ್ಕ್ಯಾನರ್ ತೋರಿಸಿದ ಹೆಸರಿನ ಸೆನ್ಸರ್ ಬದಲಿಸುತ್ತಾನೆ, ಅದರ ವೈರು ನೋಡುವುದಿಲ್ಲ.

ಈಗ ನನ್ನ ನಿಜವಾದ ತಕರಾರಿಗೆ ಬರುತ್ತೇನೆ. ಮಾಮನ ಗ್ಯಾರೇಜಿನಲ್ಲಿ ಮೊದಲ ಪಿಯುಸಿಯಲ್ಲಿ ಫೇಲಾಗಿ ಬಂದ ಹುಡುಗನಿದ್ದಾನೆ. ಕೈ ಚುರುಕು, ಬೋಲ್ಟು ನೋಡಿಯೇ ಸೈಜು ಹೇಳುತ್ತಾನೆ. ಆದರೆ 0.10 ಮತ್ತು 0.01 ಎರಡೂ ಒಂದೇ ಅಲ್ಲವಾ ಎಂದು ಕೇಳುತ್ತಾನೆ. ಪ್ರಾಕ್ಟಿಕಲ್ ರೆಕಾರ್ಡಿನಲ್ಲಿ ಸ್ಕ್ರೂ ಗೇಜಿನ ರೀಡಿಂಗನ್ನು ಪಕ್ಕದವನಿಂದ ನಕಲು ಮಾಡಿದ್ದನಂತೆ. ಅವನೊಬ್ಬನೇ ಏನಲ್ಲ, ನಮ್ಮ ಬ್ಯಾಚಿನಲ್ಲೂ ಎಲ್ಲರ ತಂತಿಯ ವ್ಯಾಸ ಆಶ್ಚರ್ಯಕರವಾಗಿ ಒಂದೇ ಬಂದಿದೆ! ಮಾಮ ಸರ್ವಿಸ್ ಮ್ಯಾನ್ಯುವಲ್ ಕೊಟ್ಟರೆ ಅವನು ಹೇಳುವುದು ಹೀಗೆ: “ಓದಲು ಬರುತ್ತಿದ್ದರೆ ನಾನು ಇಲ್ಲಿಗೆ ಯಾಕೆ ಬರುತ್ತಿದ್ದೆ?”

ಈ ಮಾತು ಅವನ ಬಾಯಿಗೆ ಎಲ್ಲಿಂದ ಬಂತು? ಗ್ಯಾರೇಜು ಓದದವರ ಜಾಗ ಎಂದು ನಾವೇ ಹೇಳಿ ಕಳುಹಿಸಿದೆವು, ಅವನು ನಂಬಿದ. ಹಾಗೆ ನಂಬಿದವರ ಕೈಗೇ ಆ ಹಿರಿಯರ ಕಾರು ಮೊದಲು ಸಿಕ್ಕಿತ್ತು. ಮದ್ರಸದಲ್ಲಿ ಕಲಿಸುವವರನ್ನು ನಾವು ಉಸ್ತಾದ್ ಎನ್ನುತ್ತೇವೆ. ಉರ್ದು ಮಾತನಾಡುವ ಗ್ಯಾರೇಜುಗಳಲ್ಲಿ ಹಿರಿಯ ಮೆಕ್ಯಾನಿಕ್‌ಗೂ ಅದೇ ಹೆಸರು. ಆ ಮರ್ಯಾದೆ ನಮ್ಮ ಕಾಲೇಜಿನ ಗೇಟಿನೊಳಗೆ ಯಾಕೆ ಬರುವುದಿಲ್ಲ?

ವೃತ್ತಿ ಮಾರ್ಗದರ್ಶನಕ್ಕೆ ಡಾಕ್ಟರು ಬರುತ್ತಾರೆ, ಸಿಎ ಬರುತ್ತಾರೆ, ಬರಲಿ. ಜೊತೆಗೆ ಒಬ್ಬ ಮೆಕ್ಯಾನಿಕ್‌ಗೂ ಅರ್ಧ ಗಂಟೆ ಕೊಡಿ, ವೇದಿಕೆಯಲ್ಲಿ ಬೇಡ, ಭೌತಶಾಸ್ತ್ರ ಲ್ಯಾಬಿನಲ್ಲಿ ಸಾಕು. ಐಟಿಐಯಲ್ಲಿ ಮೋಟಾರು ಮೆಕ್ಯಾನಿಕ್ ಕೋರ್ಸಿಗೆ 2 ವರ್ಷ ಎಂಬುದನ್ನು ಫೇಲಾದವರಿಗೆ ಮಾತ್ರವಲ್ಲ, ಎಲ್ಲರಿಗೂ ತಿಳಿಸಿ. ಮಾಮನನ್ನು ನಾನು ಕೇಳಿದ್ದೇನೆ. ಶುಕ್ರವಾರ ಜುಮಾ ನಂತರ ಗ್ಯಾರೇಜು ತೆರೆಯುವುದಿಲ್ಲ, ಯಾವ ವಾರವಾದರೂ ಬರುತ್ತೇನೆ ಎಂದಿದ್ದಾರೆ. ವಾಲ್ವು ಸಮೇತ ಒಂದು ಹಳೆಯ ಸಿಲಿಂಡರ್ ಹೆಡ್ ತರುತ್ತಾರಂತೆ. ಪಿಕಪ್‌ನಿಂದ ಅದನ್ನು ಇಳಿಸಲು ಇಬ್ಬರು ಬೇಕು.