ಮಾತನಾಡುವ ಮರವೂ ಕನ್ನಡ ಮೇಷ್ಟರೂ

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ಮನುಷ್ಯನಿಗೆ ಏನೇನು ಹುಚ್ಚು ಹಿಡಿಯಬಹುದು ಎಂಬುದಕ್ಕೆ ನಮ್ಮ ಬಂಧುವರ್ಗದಲ್ಲಿ ಈಚೆಗೆ ನನ್ನನ್ನೇ ಉದಾಹರಣೆಯಾಗಿ ಕೊಡುತ್ತಿದ್ದಾರೆ. ಕಾರಣ ಇಷ್ಟೆ: 'ಗಾರ್ಡಿಯನ್ಸ್ ಆಫ್ ದಿ ಗ್ಯಾಲಕ್ಸಿ' ಎಂಬ ಅಮೆರಿಕದ ಚಲನಚಿತ್ರವನ್ನು ನಾನು ಆರು ಬಾರಿ ನೋಡಿದ್ದೇನೆ, ಅದರ ಮುಂದಿನ ಎರಡು ಭಾಗಗಳನ್ನು ಎರಡೆರಡು ಬಾರಿ. ಮೂವತ್ತನಾಲ್ಕು ವರ್ಷ ಪಂಪ, ರನ್ನ, ಕುಮಾರವ್ಯಾಸರ ಪಾಠ ಹೇಳಿದ ಬಾಯಲ್ಲಿ ಮಾತನಾಡುವ ಮರ, ಬಂದೂಕು ಹಿಡಿದ ರಕೂನು, ಹಸಿರು ಮೈಬಣ್ಣದ ವೀರವನಿತೆ ಇವರ ಗುಣಗಾನ ಹೊರಡುವುದನ್ನು ಕೇಳಿ ನನ್ನ ಷಡ್ಡಕರು, "ಏನು ಮೇಷ್ಟರೇ, ಅರಳುಮರುಳು ಶುರುವಾಯಿತೇ?" ಎಂದು ನಾಲ್ಕು ಜನರ ಎದುರಿಗೇ ಕೇಳಿಬಿಟ್ಟರು. (ಗಾದೆಯ ಪ್ರಕಾರ ಅದಕ್ಕೆ ಅರವತ್ತೇ ಸಾಕು. ನನಗೆ ಗಡುವು ಮೀರಿ ಹನ್ನೊಂದು ವರ್ಷವಾಯಿತು!)

ನೋಡದವರಿಗಾಗಿ ಕಥೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಮಾರ್ವೆಲ್ ಚಿತ್ರಕಥಾ ಪುಸ್ತಕಗಳ ಪಾತ್ರಗಳನ್ನು ಆಧರಿಸಿ ಜೇಮ್ಸ್ ಗನ್ ನಿರ್ದೇಶಿಸಿದ ಈ ಚಿತ್ರ 2014ರಲ್ಲಿ ತೆರೆಕಂಡಿತು. 1988ರಲ್ಲಿ, ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಪೀಟರ್ ಕ್ವಿಲ್ ಎಂಬ ಬಾಲಕನ ತಾಯಿ ಮರಣಶಯ್ಯೆಯಲ್ಲಿದ್ದಾಳೆ. ಮಗನ ಕೈಗೆ ಒಂದು ಉಡುಗೊರೆಯ ಪೊಟ್ಟಣ ಸೇರುತ್ತದೆ. ತನ್ನ ಕೈ ಹಿಡಿದುಕೋ ಎಂದು ತಾಯಿ ಕೇಳುತ್ತಾಳೆ. ಹುಡುಗ ಹೆದರಿ ಮುಖ ತಿರುಗಿಸುತ್ತಾನೆ. ಅಷ್ಟರಲ್ಲಿ ಆಕೆಯ ಪ್ರಾಣ ಹೋಗುತ್ತದೆ. ಅಳುತ್ತಾ ಹೊರಗೆ ಓಡಿದವನನ್ನು ಒಂದು ಆಕಾಶನೌಕೆ ಎತ್ತಿಕೊಂಡು ಹೋಗುತ್ತದೆ. ಇಪ್ಪತ್ತಾರು ವರ್ಷಗಳ ಅನಂತರ ಅವನು ಗ್ರಹದಿಂದ ಗ್ರಹಕ್ಕೆ ಅಲೆಯುವ ಒಬ್ಬ ಕಳ್ಳ. ಅವನ ಬಳಿ ಭೂಮಿಯದೆಂದು ಉಳಿದಿರುವುದು ಒಂದು ವಾಕ್‌ಮನ್, ತಾಯಿ ತನ್ನ ಮೆಚ್ಚಿನ ಹಾಡುಗಳನ್ನು ಆರಿಸಿ ತುಂಬಿಸಿಕೊಟ್ಟ ಒಂದು ಕ್ಯಾಸೆಟ್, ಮತ್ತು ಅಂದಿನಿಂದ ಬಿಚ್ಚದೆಯೇ ಇಟ್ಟುಕೊಂಡ ಆ ಪೊಟ್ಟಣ. ಜೈಲಿನಲ್ಲಿ ಇನ್ನೂ ನಾಲ್ವರು ಅವನಿಗೆ ಗಂಟುಬೀಳುತ್ತಾರೆ: ತನ್ನ ಕುಲವನ್ನು ಕೊಂದವನ ಮನೆಯಲ್ಲೇ ಬೆಳೆದ ಗಮೋರಾ, ಹೆಂಡತಿ ಮಗಳನ್ನು ಕಳೆದುಕೊಂಡು ಸೇಡಿಗಾಗಿ ಬದುಕಿರುವ ಡ್ರ್ಯಾಕ್ಸ್, ರಾಕೆಟ್ ಎಂಬ ರಕೂನು, ಗ್ರೂಟ್ ಎಂಬ ಮರ. ಐವರೂ ಸೇರಿ ರೋನನ್ ಎಂಬ ಖಳನಿಂದ ಒಂದು ಗ್ರಹವನ್ನು ಉಳಿಸುತ್ತಾರೆ. ಕಥೆಯ ಚೌಕಟ್ಟಿನಲ್ಲಿ ಹೊಸತೇನೂ ಇಲ್ಲವೆಂದು ನಾನೇ ಒಪ್ಪುತ್ತೇನೆ.

ಹಾಗಿದ್ದರೆ ಇದನ್ನು ಕುರಿತು ಇಷ್ಟುದ್ದ ಬರೆಯುವ ಅಗತ್ಯವೇನಿತ್ತು? ಷಡ್ಡಕರ ಕುಹಕಕ್ಕೆ ಉತ್ತರ ಕೊಡುವುದಾಗಿದ್ದರೆ ಒಂದು ಹೋಳಿಗೆ ಜಾಸ್ತಿ ಬಡಿಸಿ ಸುಮ್ಮನಾಗಬಹುದಿತ್ತು. ಆದರೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಪ್ರೌಢಶಾಲೆಯಲ್ಲಿ ಕನ್ನಡ ಅಧ್ಯಾಪಕನಾಗಿರುವವನು, ಫೋನಿನಲ್ಲಿ ಬಲು ಹೆಮ್ಮೆಯಿಂದ ಹೇಳಿದ ಸಂಗತಿಯೊಂದು ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿದೆ. 'ನಾನು ಮೆಚ್ಚಿದ ಚಲನಚಿತ್ರ' ಎಂಬ ಪ್ರಬಂಧಕ್ಕೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಇದೇ ಚಿತ್ರವನ್ನು ಆರಿಸಿಕೊಂಡು ಐದು ಪುಟ ಬರೆದಿದ್ದನಂತೆ. "ಹತ್ತಕ್ಕೆ ಮೂರು ಕೊಟ್ಟೆ ಸಾರ್. ಕನ್ನಡದ ತರಗತಿಯಲ್ಲಿ ಇಂಥ ಕಸವನ್ನೆಲ್ಲ ಬರೆಯಬಾರದು ಎಂದು ಎಲ್ಲರ ಮುಂದೆ ಹೇಳಿದೆ" ಎಂದ. ಪ್ರಬಂಧದ ಭಾಷೆ ಹೇಗಿತ್ತು ಎಂದು ಕೇಳಿದೆ. "ಭಾಷೆ ಚೆನ್ನಾಗಿಯೇ ಇತ್ತು ಸಾರ್" ಎಂದ!

ಆ ಏಳು ಅಂಕಗಳ ವಿಚಾರವಾಗಿಯೇ ಈ ಲೇಖನ. ಕನ್ನಡದ ತರಗತಿಯಲ್ಲಿ ಚರ್ಚಿಸಲು ಇದಕ್ಕಿಂತ ಅನುಕೂಲವಾದ ಚಿತ್ರ ನನಗಂತೂ ಈವರೆಗೆ ಸಿಕ್ಕಿಲ್ಲ ಎಂಬುದು ನನ್ನ ವಾದ.

ಮೊದಲಿಗೆ ಡ್ರ್ಯಾಕ್ಸನನ್ನೇ ತೆಗೆದುಕೊಳ್ಳಿ. ಡೇವ್ ಬಟಿಸ್ಟಾ ಎಂಬ ಕುಸ್ತಿಪಟು ಈ ಪಾತ್ರವನ್ನು ಮಾಡಿದ್ದಾರೆ. ಪರ್ವತದಂತಹ ಆಳು, ಆದರೆ ಅವನ ಜನಾಂಗದವರಿಗೆ ವಾಚ್ಯಾರ್ಥವೊಂದನ್ನು ಬಿಟ್ಟು ಬೇರೆ ಅರ್ಥವೇ ತಿಳಿಯದು. ಕ್ವಿಲ್ ತನ್ನ ಕೊರಳಿಗೆ ಅಡ್ಡಲಾಗಿ ಬೆರಳೆಳೆದು 'ಕೊಲ್ಲು' ಎಂಬ ಸನ್ನೆ ಮಾಡಿದರೆ, ಶತ್ರುವಿನ ಕೊರಳ ಮೇಲೆ ನಾನೇಕೆ ಬೆರಳಿಡಬೇಕು ಎಂದು ಇವನು ಪ್ರಾಮಾಣಿಕವಾಗಿ ಕೇಳುತ್ತಾನೆ. ರೂಪಕಗಳೆಲ್ಲ ಇವನ ತಲೆಯ ಮೇಲೆ ಹಾದುಹೋಗುತ್ತವೆ ಎಂದು ರಾಕೆಟ್ ಹಾಸ್ಯ ಮಾಡಿದಾಗ, ನನ್ನ ತಲೆಯ ಮೇಲೆ ಯಾವುದೂ ಹಾದುಹೋಗಲಾರದು, ಅಷ್ಟು ಚುರುಕಾಗಿ ಹಿಡಿದುಬಿಡುತ್ತೇನೆ ಎಂದು ಗಂಭೀರವಾಗಿ ಉತ್ತರಿಸುತ್ತಾನೆ. ಚಿತ್ರಮಂದಿರದಲ್ಲಿ ಎಲ್ಲರೂ ನಕ್ಕರು. ನಾನು ಮಾತ್ರ ಎದ್ದು ನಿಲ್ಲುವುದೊಂದು ಬಾಕಿ! ಅಭಿಧಾ, ಲಕ್ಷಣಾ, ವ್ಯಂಜನಾ ಎಂಬ ಮೂರು ಶಬ್ದಶಕ್ತಿಗಳನ್ನು ಬಿಡಿಸಿ ಹೇಳಲು ಎಷ್ಟು ಸೀಮೆಸುಣ್ಣ ಸವೆಸಿದ್ದೇನೆಂಬುದು ನಿಮಗೆ ನೆನಪಿರಬಹುದು. 'ಗಂಗೆಯಲ್ಲಿ ಗೊಲ್ಲರ ಹಟ್ಟಿ' ಎಂಬ ಶಾಸ್ತ್ರಕಾರರ ಹಳೆಯ ಉದಾಹರಣೆಯನ್ನು ಕೊಟ್ಟಾಗ ಹಿಂದಿನ ಬೆಂಚಿನಿಂದ "ಮುಳುಗಿಹೋಗೋದಿಲ್ವೇ ಸಾರ್?" ಎಂಬ ಪ್ರಶ್ನೆ ಪ್ರತಿವರ್ಷ ತಪ್ಪದೆ ಬರುತ್ತಿತ್ತು. ಅಭಿಧೆಯಲ್ಲೇ ನಿಂತುಬಿಟ್ಟ ಆ ಧ್ವನಿ ಡ್ರ್ಯಾಕ್ಸನದೇ. 'ಕೈ ಕೊಟ್ಟ', 'ತಲೆ ತಿಂದ', 'ಹೊಟ್ಟೆಗೆ ಹಾಕಿಕೊಂಡ' ಎಂಬ ನಮ್ಮ ನುಡಿಗಟ್ಟುಗಳ ನಡುವೆ ಆ ಮಹಾಶಯನನ್ನು ಒಂದು ದಿನ ಬಿಟ್ಟರೆ ಅವನ ಪಾಡು ಏನಾಗಬೇಡ!

ಸೊಗಸೆಂದರೆ, ಇದು ನಗೆಗಷ್ಟೇ ನಿಲ್ಲುವುದಿಲ್ಲ. ಕೊನೆಯ ಯುದ್ಧದಲ್ಲಿ ಒಬ್ಬ ಶತ್ರುವನ್ನು ಮುಗಿಸಿದ ಡ್ರ್ಯಾಕ್ಸ್, ಕೊರಳಿಗೆ ಬೆರಳೆಂದರೆ ಸಾವು ಎಂದು ಹೇಳಿ, ಇದು ರೂಪಕ ಎಂದು ಕ್ವಿಲ್‌ನತ್ತ ತಿರುಗಿ ತಿಳಿಸುತ್ತಾನೆ. ಅದು ರೂಪಕವಲ್ಲ, ಸಂಕೇತ. ನಾನಾಗಿದ್ದರೆ ಅರ್ಧ ಅಂಕ ಕೊಡುತ್ತಿದ್ದೆ. ಆದರೆ ಕಲಿಯುತ್ತಿದ್ದಾನಲ್ಲ, ಅದು ಮುಖ್ಯ. ತನ್ನದಲ್ಲದ ಭಾಷಾಕ್ರಮವೊಂದನ್ನು ಅವನು ಕಲಿಯುವುದು ಗೆಳೆಯರು ಸಿಕ್ಕಿದ ಮೇಲೆ.

ಇನ್ನು ಗ್ರೂಟ್. ಈ ಮರಕ್ಕೆ ಬರುವುದು ಇಂಗ್ಲಿಷಿನ ಮೂರೇ ಪದಗಳು, ಅವೂ ಒಂದೇ ಕ್ರಮದಲ್ಲಿ: 'ಐ ಆಮ್ ಗ್ರೂಟ್'. ಸಿಟ್ಟು ಬಂದರೂ ಇದೇ, ಹೆದರಿದರೂ ಇದೇ, ದಾರಿ ಹೇಳುವುದೂ ಇದರಲ್ಲೇ. ರಾಕೆಟ್‌ಗೆ ಮಾತ್ರ ಎಲ್ಲವೂ ಅರ್ಥವಾಗುತ್ತದೆ. ವಿಚಿತ್ರವೆಂದರೆ, 1960ರಲ್ಲಿ ಚಿತ್ರಕಥಾ ಪುಸ್ತಕದಲ್ಲಿ ಈ ಪಾತ್ರ ಮೊದಲು ಕಾಣಿಸಿಕೊಂಡಾಗ ಗ್ರೂಟ್ ಭೂಮಿಯ ಮೇಲೆ ದಂಡೆತ್ತಿ ಬಂದ ರಾಕ್ಷಸ; ನಿರರ್ಗಳವಾಗಿ ಭಾಷಣ ಮಾಡುತ್ತಿದ್ದ. ಮಾತು ಕಡಿಮೆಯಾದಂತೆ ಪಾತ್ರ ದೊಡ್ಡದಾಯಿತು! ಕಂಠದಾನ ಮಾಡಿದ ನಟ ವಿನ್ ಡೀಸೆಲ್ ಅವರಿಗೆ ಗನ್ ಅವರು ಪ್ರತಿಯೊಂದು 'ಐ ಆಮ್ ಗ್ರೂಟ್'ಗೂ ನಿಜವಾದ ಅರ್ಥವೇನೆಂದು ಬರೆದ ಪ್ರತ್ಯೇಕ ಪ್ರತಿಯನ್ನೇ ಕೊಡುತ್ತಿದ್ದರು. ಶಬ್ದ ಅದೇ ಆಗಿದ್ದು ಅರ್ಥ ಮಾತ್ರ ಸಂದರ್ಭದಿಂದ, ಕಾಕುವಿನಿಂದ, ಹೇಳುವವನ ಮತ್ತು ಕೇಳುವವನ ಸಂಬಂಧದಿಂದ ಹೊಮ್ಮುವುದು: ಇದನ್ನು ವಿವರಿಸಲು ಒಂಬತ್ತನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನ ಒಂದು ಗ್ರಂಥವನ್ನೇ ರಚಿಸಬೇಕಾಯಿತು. ನಾನು ಅದನ್ನು ಕಲಿತದ್ದು ತೀ. ನಂ. ಶ್ರೀಕಂಠಯ್ಯನವರ 'ಭಾರತೀಯ ಕಾವ್ಯಮೀಮಾಂಸೆ'ಯಿಂದ. ಇದೆಲ್ಲ ನಮ್ಮಲ್ಲಿ ಮೊದಲೇ ಇತ್ತು, ಅವರು ಕದ್ದರು ಎಂಬ ಧಾಟಿಯ ಮಾತನ್ನು ನಾನು ಆಡುತ್ತಿಲ್ಲ. ಹಾಗೆ ಆಡುವವರನ್ನು ಕಂಡರೆ ನನಗೆ ತಲೆನೋವು. ನಮ್ಮಲ್ಲಿರುವ ಅಳತೆಗೋಲಿನಿಂದ ಅವರ ಬಟ್ಟೆಯನ್ನೂ ಅಳೆಯಬಹುದು ಎಂದಷ್ಟೇ ಹೇಳುತ್ತಿದ್ದೇನೆ.

ಚಿತ್ರದ ಕೊನೆಯ ಭಾಗದಲ್ಲಿ ನೌಕೆ ಉರುಳಿ ಬೀಳುತ್ತಿರುವಾಗ ಗ್ರೂಟ್ ತನ್ನ ಕೊಂಬೆಗಳನ್ನು ಬೆಳೆಸುತ್ತಾ ಗೆಳೆಯರನ್ನೆಲ್ಲ ಗೂಡಿನಂತೆ ಸುತ್ತಿಕೊಳ್ಳುತ್ತಾನೆ. ನೀನು ಸತ್ತುಹೋಗುತ್ತೀಯಲ್ಲ, ಏಕೆ ಹೀಗೆ ಮಾಡುತ್ತೀಯೆ ಎಂದು ರಾಕೆಟ್ ಅಳುತ್ತಾ ಕೇಳಿದಾಗ, ಒಂದು ಎಳೆಯ ಕಡ್ಡಿಯಿಂದ ಅವನ ಕಣ್ಣೀರು ಒರೆಸಿ, ಮೊದಲ ಬಾರಿಗೆ ಸರ್ವನಾಮವನ್ನು ಬದಲಿಸುತ್ತಾನೆ. 'ಐ' ಹೋಗಿ 'ವೀ' ಬರುತ್ತದೆ. ಏಕವಚನ ಬಹುವಚನವಾದದ್ದಕ್ಕೆ ಕಣ್ಣಲ್ಲಿ ನೀರು ಬಂದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಇದನ್ನು ಕನ್ನಡಕ್ಕೆ ತರುವುದಾದರೆ 'ನಾನು ಗ್ರೂಟ್', 'ನಾವು ಗ್ರೂಟ್' ಎಂದು ಎರಡೇ ಪದಗಳಲ್ಲಿ ಮುಗಿಯುತ್ತದೆ. ನಮ್ಮ ವಾಕ್ಯಕ್ಕೆ ಅಲ್ಲಿ ಕ್ರಿಯಾಪದವೇ ಬೇಡ. ತಮಿಳರಿಗೆ ಇಲ್ಲೊಂದು ಸ್ವಾರಸ್ಯವಾದ ಕಷ್ಟವಿದೆ. ಅವರಲ್ಲಿ ಕೇಳುಗನನ್ನೂ ಸೇರಿಸಿಕೊಂಡರೆ 'ನಾಮ್', ಹೊರಗಿಟ್ಟರೆ 'ನಾಂಗಳ್'. ತೆಲುಗಿನಲ್ಲಿಯೂ ಹಾಗೆಯೇ 'ಮನಮು', 'ಮೇಮು' ಎಂಬ ಭೇದವಿದೆ. ಇಂದಿನ ಕನ್ನಡದಲ್ಲಿ 'ನಾವು' ಒಂದೇ. ಗ್ರೂಟ್ ಆಡಿದ್ದು ರಾಕೆಟ್‌ನನ್ನು ಸೇರಿಸಿಕೊಂಡ 'ನಾವು' ಎಂಬುದು ತಮಿಳಿನಲ್ಲಿ ಪದದಲ್ಲೇ ಬಯಲಾಗುತ್ತದೆ. ಕನ್ನಡದಲ್ಲಿ ಕೇಳುಗನೇ ಅದನ್ನು ಕಂಡುಕೊಳ್ಳಬೇಕು. ಯಾವುದು ಹೆಚ್ಚು ಚೆನ್ನ? ಒಂಬತ್ತನೆಯ ತರಗತಿಗೆ ಒಂದು ಪೀರಿಯಡ್ಡು ಸಾಲದಷ್ಟು ಚರ್ಚೆ ಇದೆ ಇಲ್ಲಿ.

ಗ್ರೂಟ್ ಹೋದ ಮೇಲೆ ಅವನ ಕಡ್ಡಿಗಳನ್ನು ಹಿಡಿದು ಅಳುತ್ತಾ ಕುಳಿತ ರಾಕೆಟ್‌ನ ಪಕ್ಕದಲ್ಲಿ ಡ್ರ್ಯಾಕ್ಸ್ ಬಂದು ಕುಳಿತು, ಏನನ್ನೂ ಹೇಳದೆ ಅವನ ತಲೆ ನೇವರಿಸುತ್ತಾನೆ. ಅತ್ತ ಅಪಾರ ಶಕ್ತಿಯ ಕಲ್ಲೊಂದನ್ನು ಹಿಡಿದು ಕ್ವಿಲ್ ಸುಟ್ಟುಹೋಗುತ್ತಿರುವಾಗ ಗಮೋರಾ ಕೈ ಚಾಚುತ್ತಾಳೆ. ಅವನಿಗೆ ಅಲ್ಲಿ ಕಾಣಿಸುವುದು ತಾಯಿಯ ಮುಖ. ಈ ಸಲ ಕೈ ಹಿಡಿಯುತ್ತಾನೆ. ಇದಾದ ಮೇಲೆಯೇ ಅವನು ಆ ಪೊಟ್ಟಣವನ್ನು ಬಿಚ್ಚುವುದು. ಒಳಗಿರುವುದು ಹಾಡುಗಳ ಎರಡನೆಯ ಕ್ಯಾಸೆಟ್. ತಾಯಿಯ ಹಾಡುಗಳ ಮಾತು ಬಂದದ್ದರಿಂದ ಹೇಳುತ್ತೇನೆ: ಬರಿಯ ಹಳೆಯ ಹಾಡುಗಳೇ ಇದ್ದ ಈ ಚಿತ್ರದ ಧ್ವನಿಮುದ್ರಿಕೆ 2014ರ ಆಗಸ್ಟ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿತು. ನಮ್ಮ ಮನೆಯ ಅಟ್ಟದ ಮೇಲೆಯೂ ಭಾವಗೀತೆಗಳ ಕ್ಯಾಸೆಟ್ಟುಗಳ ಒಂದು ಡಬ್ಬವಿದೆ. ನನ್ನಾಕೆ ಅವುಗಳ ಮೇಲೆ ಮುದ್ದಾದ ಅಕ್ಷರಗಳಲ್ಲಿ ಹಾಡಿನ ಹೆಸರುಗಳನ್ನು ಬರೆದಿಟ್ಟಿದ್ದಳು. ಅವನ್ನು ನುಡಿಸುವ ಯಂತ್ರ ಈಗ ಇಲ್ಲ. ಡಬ್ಬ ಇದೆ.

ರಾಕೆಟ್‌ನ ಹಿಂದೆ ಇನ್ನೊಂದು ನಿಜಜೀವನದ ಕಥೆಯಿದೆ. ಬಿಲ್ ಮ್ಯಾಂಟ್ಲೊ ಮತ್ತು ಕೀತ್ ಗಿಫೆನ್ ಎಂಬಿಬ್ಬರು 1976ರಲ್ಲಿ ಈ ಪಾತ್ರವನ್ನು ಸೃಷ್ಟಿಸಿದರು. ಮ್ಯಾಂಟ್ಲೊ ಮುಂದೆ ಕಾನೂನು ಓದಿ, ವಕೀಲರಿಗೆ ಹಣ ಕೊಡಲಾಗದ ಬಡವರ ಪರವಾಗಿ ವಾದಿಸುವ ಕೆಲಸಕ್ಕೆ ಸೇರಿದರು. 1992ರಲ್ಲಿ ಕಾರೊಂದು ಅವರಿಗೆ ಡಿಕ್ಕಿ ಹೊಡೆದು ನಿಲ್ಲದೆ ಹೋಯಿತು. ಮೆದುಳಿಗೆ ತೀವ್ರವಾದ ಪೆಟ್ಟುಬಿದ್ದು ಶುಶ್ರೂಷಾಲಯದ ಬದುಕು ಅವರದಾಯಿತು. ಚಿತ್ರ ಸಿದ್ಧವಾದಾಗ ಮಾರ್ವೆಲ್‌ನವರು ಅವರಿಗಾಗಿಯೇ ಪ್ರತ್ಯೇಕ ಪ್ರದರ್ಶನವನ್ನು ಏರ್ಪಡಿಸಿದರು. ಯಾರೋ ಕತ್ತರಿಸಿ ಹೊಲಿದು ಮಾಡಿದ ತನ್ನ ದೇಹವನ್ನು ಕುರಿತು ಕುಡಿದ ಅಮಲಿನಲ್ಲಿ ರಾಕೆಟ್ ಗೋಳಾಡುವ ದೃಶ್ಯವನ್ನು, ಇದನ್ನು ತಿಳಿದ ಮೇಲೆ, ಮೊದಲಿನಂತೆ ನೋಡಲು ನನಗೆ ಆಗುತ್ತಿಲ್ಲ.

ದೋಷಗಳಿಲ್ಲವೆ? ಧಾರಾಳವಾಗಿವೆ. ರೋನನ್ ಬರಿಯ ಘರ್ಜನೆಯ ಖಳ. ನಮ್ಮ ದುರ್ಯೋಧನನಲ್ಲಿರುವ ಛಲದ ಘನತೆಯ ಒಂದು ಕಣವೂ ಅವನಲ್ಲಿಲ್ಲ. ಸ್ಫೋಟಗಳು ಅತಿಯಾದವು. ಗಮೋರಾಳ ಬಗ್ಗೆ ಡ್ರ್ಯಾಕ್ಸನ ಬಾಯಲ್ಲಿ ಬರುವ ಒಂದು ಹೊಲಸು ಮಾತನ್ನು ತೆಗೆದುಹಾಕಬಹುದಿತ್ತು. ಆಟಿಕೆ ಮಾರುವುದೂ ಈ ಚಿತ್ರಗಳ ಉದ್ದೇಶವೆಂಬುದು ನನಗೆ ತಿಳಿಯದ್ದಲ್ಲ. ನನ್ನ ಮೇಜಿನ ಮೇಲೆಯೇ ಕುಂಡದಲ್ಲಿ ಕುಳಿತ ಪುಟ್ಟ ಗ್ರೂಟ್ ಇದ್ದಾನೆ, ಮೊಮ್ಮಗಳ ಕೃಪೆ.

"ಕನ್ನಡಕ್ಕೂ ಇದಕ್ಕೂ ಏನು ಸಂಬಂಧ ಸಾರ್?" ಎಂಬುದು ನನ್ನ ಶಿಷ್ಯನ ಕೊನೆಯ ಪ್ರಶ್ನೆಯಾಗಿತ್ತು. ಸಂಬಂಧ ಇಲ್ಲದಂತೆ ಮಾಡಿದವರು ನಾವೇ ಅಲ್ಲವೆ? 1960ರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಬೇಡವೆಂಬ ಕಟ್ಟು ಇಲ್ಲಿ ನಡೆದುಬಂತು. ಕನ್ನಡ ಚಿತ್ರರಂಗದ ಕಲಾವಿದರ ಅನ್ನದ ಪ್ರಶ್ನೆ ಅದರ ಹಿಂದಿತ್ತು. ಆ ಕಾಲಕ್ಕೆ ಅದು ನ್ಯಾಯವಾದ ಭಯವೇ. ಭಾರತೀಯ ಸ್ಪರ್ಧಾ ಆಯೋಗ ಈ ನಿರ್ಬಂಧದ ವಿರುದ್ಧ ತೀರ್ಪು ಕೊಟ್ಟದ್ದು 2015ರಲ್ಲಿ, ಗ್ರೂಟ್ ತೆರೆಗೆ ಬಂದ ಮರುವರ್ಷ. 2022ರಲ್ಲಿ 'ಅವತಾರ್' ಚಿತ್ರದ ಎರಡನೆಯ ಭಾಗ ಕನ್ನಡದಲ್ಲಿಯೂ ಬಂತು. ಆದರೆ 2014ರಲ್ಲಿ ಚಿತ್ರಮಂದಿರಕ್ಕೆ ಹೋದ ನಮ್ಮ ಮಕ್ಕಳಿಗೆ ಆ ಮರ ಕನ್ನಡದಲ್ಲಿ ಮಾತನಾಡುವ ಸಾಧ್ಯತೆಯೇ ಇರಲಿಲ್ಲ. ವಿನ್ ಡೀಸೆಲ್ ಅವರು ರಷ್ಯನ್, ಸ್ಪ್ಯಾನಿಷ್ ಮೊದಲಾದ ಹಲವು ಭಾಷೆಗಳಲ್ಲಿ ಆ ಮಾತನ್ನು ತಾವೇ ಆಡಿದ್ದಾರೆ. ಬೇರೆ ಭಾಷೆಯಲ್ಲಿ ಕಂಡು ಮೆಚ್ಚಿದ್ದನ್ನು ಒಬ್ಬ ಹುಡುಗ ತಾನಾಗಿ ಕನ್ನಡಕ್ಕೆ ತಂದು ಐದು ಪುಟ ಬರೆದರೆ, ಅದೂ ಒಂದು ಬಗೆಯ ಡಬ್ಬಿಂಗ್ ಅಲ್ಲವೇನಪ್ಪಾ? ಅದನ್ನೂ ನಿಷೇಧಿಸಿದೆಯಲ್ಲ!

2023ರಲ್ಲಿ ಬಂದ ಮೂರನೆಯ ಚಿತ್ರದ ಕೊನೆಯಲ್ಲಿ, ಬೀಳ್ಕೊಡುವ ಹೊತ್ತಿನಲ್ಲಿ ಗ್ರೂಟ್ ತನ್ನ ಗೆಳೆಯರಿಗೆ ನೇರವಾಗಿ, ಸ್ಪಷ್ಟವಾದ ಇಂಗ್ಲಿಷಿನಲ್ಲಿ ತನ್ನ ಪ್ರೀತಿಯನ್ನು ತಿಳಿಸುತ್ತಾನೆ. ಗ್ರೂಟ್ ಇಂಗ್ಲಿಷ್ ಕಲಿತನೆಂದು ಬಹಳ ಮಂದಿ ಭಾವಿಸಿದರು. ಗನ್ ಅವರ ವಿವರಣೆಯೇ ಬೇರೆ: ಅವನು ಆಡುವುದು ಎಂದಿನ ಮಾತನ್ನೇ, ಒಂಬತ್ತು ವರ್ಷ ಜೊತೆಗಿದ್ದ ಪ್ರೇಕ್ಷಕನಿಗೆ ಈಗ ಅದು ಅರ್ಥವಾಗುತ್ತಿದೆ, ಅಷ್ಟೆ. ನನ್ನ ತರಗತಿಯಲ್ಲಿಯೂ ವರ್ಷವಿಡೀ 'ಹೂಂ ಸಾರ್' ಎಂಬುದೊಂದನ್ನು ಬಿಟ್ಟು ಬೇರೇನನ್ನೂ ಆಡದ ಹುಡುಗರಿದ್ದರು. ಆ 'ಹೂಂ ಸಾರ್'ಗಳಲ್ಲಿ ಹಸಿದಿದ್ದೇನೆ ಎಂಬುದೂ ಇರುತ್ತಿತ್ತು, ಮನೆಯಲ್ಲಿ ಅಪ್ಪ ಹೊಡೆದಿದ್ದಾನೆ ಎಂಬುದೂ ಇರುತ್ತಿತ್ತು. ಫೋನು ಮಾಡಿದ ಈ ಅಧ್ಯಾಪಕ ಮಹಾಶಯ ಎಂಟು, ಒಂಬತ್ತು, ಹತ್ತು, ಮೂರೂ ತರಗತಿಗಳಲ್ಲಿ ಅಂಥ 'ಹೂಂ ಸಾರ್' ಹುಡುಗನೇ ಆಗಿದ್ದ. ಇದನ್ನು ಓದುತ್ತಾನೆಂದು ಬಲ್ಲೆ. ಆ ಪ್ರಬಂಧದ ಒಂದು ಪ್ರತಿಯನ್ನು ನನಗೆ ಕಳುಹಿಸಿಕೊಡು ಮಾರಾಯ. 'ವೀ ಆರ್ ಗ್ರೂಟ್' ಎಂಬುದನ್ನು ಆ ಹುಡುಗ ಕನ್ನಡದಲ್ಲಿ ಹೇಗೆ ಬರೆದಿದ್ದಾನೆಂದು ನೋಡಬೇಕಾಗಿದೆ.